ನಾಲೆ ನಿಂತ ತಿಂಗಳು

ಅಪ್ಪ ನಾಲೆಯ ಸೌಡಿ. ತೂಬಿನ ಬೀಗದ ಕೈ
ಅವನ ಉಡಿದಾರದಲ್ಲಿ ಸದಾ ಕಿಣಿಕಿಣಿ.
ಕತ್ತಲಲ್ಲೂ ಗೊತ್ತಾಗುತ್ತಿತ್ತು ನಮಗೆ
ಅಪ್ಪ ಎಷ್ಟು ದೂರದಲ್ಲಿದ್ದಾನೆ ಎಂದು.

ನಮ್ಮೂರಿಗೂ ಅಕ್ಕ ಸಿದ್ದಾಜಿಯ ಊರಿಗೂ ನಡುವೆ
ಒಂದು ಗುಡ್ಡ. ದೊಡ್ಡದೇನಲ್ಲ,
ಮಲಗಿದ ಎಮ್ಮೆಯಷ್ಟು ಅನ್ನುತ್ತಿದ್ದ ಅಪ್ಪ.
ಎಮ್ಮೆ ಏಳಲಿಲ್ಲ, ಸರಿಯಲೂ ಇಲ್ಲ.
ಸುತ್ತಿ ಹೋದರೆ ಎರಡು ಬಸ್ಸು,
ಮಂಡ್ಯದ ನಿಲ್ದಾಣದಲ್ಲಿ ಒಂದು ಗಂಟೆ, ಒಂದು ಬನ್ನು.
ನೀರಿಗೆ ಮಾತ್ರ ನೆಟ್ಟಗಿನ ದಾರಿ.

ಮುತ್ತಜ್ಜನ ಕಾಲಕ್ಕೆ ಮದ್ದಿಟ್ಟು ಸಿಡಿಸಿ
ಬುಟ್ಟಿ ಬುಟ್ಟಿ ಕಲ್ಲು ಹೊತ್ತು
ಎಮ್ಮೆಯ ಹೊಟ್ಟೆ ಕೊರೆದರಂತೆ.
ಒಳಗೆ ಉಳಿದವರ ಲೆಕ್ಕ ಯಾರೂ ಬರೆದಿಟ್ಟಿಲ್ಲ.
ಸುರಂಗದ ಬಾಯಿಯ ಕಮಾನಿಗೆ, ಎಡಗಡೆ ಮೂರನೇ ಕಲ್ಲಿಗೆ,
ಅಪ್ಪ ಯುಗಾದಿಗೊಂದು ಕುಂಕುಮ ಇಡುತ್ತಿದ್ದ.
ಯಾರಪ್ಪ ಇದು ಅಂದರೆ
'ಇರ್ಲಿ ಬುಡು' ಅನ್ನುತ್ತಿದ್ದ.

ಮದುವೆಯ ಮಾರನೆಯ ದಿನ
ಟ್ರಾಕ್ಟರು ಹತ್ತುವ ಮುಂಚೆ ಅಕ್ಕ ಕಿವಿಯಲ್ಲಿ ಹೇಳಿದಳು:
'ನಮ್ಮ ಹೊಲ ಆ ಕಡೆ ಬಾಯಿ ಪಕ್ಕದಲ್ಲೇ ಐತಂತೆ.
ಸಕ್ಕರೆ ಫ್ಯಾಕ್ಟರಿ ಎಂಟರ ಸೈರನ್ ಆಗ್ತಿದ್ದಂಗೆ
ಏನಾರ ತೇಲಿ ಬುಡು. ನಾನು ಹಿಡ್ಕತೀನಿ.'

ಮೊದಲು ಚೆಂಡುಹೂವು ಬಿಟ್ಟೆ.
ಆಮೇಲೆ ಹಾಲಿನ ಕವರಲ್ಲಿ ಸುತ್ತಿದ ಕಾಗದ;
ನನ್ನ ಕಣ್ಣೆದುರೇ ಸುಳಿಗೆ ಸಿಕ್ಕಿ ಮುಳುಗಿತು, ಕತ್ತಲು ಮುಟ್ಟುವ ಮೊದಲೇ.
ಕೊನೆಗೆ ತೆಂಗಿನಕಾಯಿ, ಮಸಿಯಲ್ಲಿ 'ಸಿ' ಬರೆದು.
ಹೊಳ್ಳಾಡುತ್ತ ಹೋಯಿತು, ಕಮಾನಿಗೆ ತಲೆ ತಾಗಿಸಿ
ಒಳಗೆ ನುಗ್ಗಿತು, ಶಾಲೆಗೆ ತಡವಾದ ಹುಡುಗನ ಹಾಗೆ.
ಅಪ್ಪನ ಲೆಕ್ಕದಲ್ಲಿ
ಈ ಬಾಯಿಂದ ಆ ಬಾಯಿಗೆ ನಾಲ್ಕು ಬೀಡಿ.

ಸಿಕ್ಕಿತೋ ಇಲ್ಲವೋ.
ನೀರು ಹಿಂದಕ್ಕೆ ಹರಿದು ಉತ್ತರ ತರುವುದಿಲ್ಲವಲ್ಲ.

ನಮ್ಮ ಮನೆ ಮುಂದಿನ ಕಿರುನಾಲೆಗೆ
ಎರಡು ತೆಂಗಿನ ಮರ ಅಡ್ಡ ಕೆಡವಿದ್ದರು,
ಸೇತುವೆ ಅನ್ನಲು ನಾಚಿಕೆಯಾಗುವಂಥದ್ದು.
ಅದರ ಮೇಲೆ ಹೋದದ್ದೆಲ್ಲ ಬರುತ್ತಿತ್ತು:
ಮೇಕೆ, ಅಂಚೆಯವನು, ಸಾಲ ಕೊಟ್ಟ ಸೇರು ರಾಗಿ,
ಚಲುವಕ್ಕನ ಬೈಗುಳ, ಅದಕ್ಕೆ ಅವ್ವನ ಬೈಗುಳ.
ನಾನು ಅದರ ನಡುವೆ ಕೂತು ಕಾಲು ಇಳಿಬಿಟ್ಟು
ಸುರಂಗವನ್ನು ಶಪಿಸುತ್ತಿದ್ದೆ.

ಕೊಯ್ಲು ಮುಗಿದು ನಾಲೆ ನಿಂತಿತು.
ಹೂಳೆತ್ತುವ ಆಳುಗಳು ಬುಟ್ಟಿ ಇಳಿಸಿ
ಮಧ್ಯಾಹ್ನದ ಮುದ್ದೆಗೆ ಕೂತಿದ್ದಾಗ
ಸುರಂಗದೊಳಗಿಂದ ಲಾಟೀನು ಬಂತು.
ಅದರ ಹಿಂದೆ ಮೊಣಕಾಲವರೆಗೂ ಕೆಸರು,
ಬಾವಲಿ ವಾಸನೆ, ನಮ್ಮ ಸಿದ್ದಾಜಿ,
ಕಂಕುಳಲ್ಲಿ ಮೊಳಕೆ ಒಡೆದ ತೆಂಗಿನಕಾಯಿ.

'ನಾಕು ಸಿಕ್ಕಿದ್ವು. ಮೂರು ಸಾರಿಗೆ ಹೋದ್ವು.
ಇದು ಮಾತ್ರ ಅಟ್ಟದ ಮೇಲೆ ಮರೆತೋಗಿತ್ತು.'

ಅಪ್ಪ ಬೈದ. ಸಾಹೇಬರು ಕೆಲಸ ಕಿತ್ಕತಾರೆ ಅಂದ.
ಬೈಯುತ್ತಲೇ ಕೊಡದಲ್ಲಿ ನೀರು ತಂದು
ಮಗಳ ಕಾಲು ತಾನೇ ತೊಳೆದ.

ರಾತ್ರಿ ಒಂದೇ ಕಂಬಳಿಯೊಳಗೆ ಹೇಳಿದಳು:
'ನಟ್ಟನಡೂಲಿ ನಿಂತು ನೋಡ್ದೆ ಕನೆ.
ಹಿಂದೆ ಒಂದು ರಾಗಿಕಾಳಷ್ಟು ಬೆಳಕು,
ಮುಂದೆ ಒಂದು ರಾಗಿಕಾಳಷ್ಟು.
ಲಾಟೀನು ಹಿಡ್ಕಂಡು ಒಂದು ಸುತ್ತು ತಿರುಗಿಬುಟ್ಟೆ.
ಯಾವ್ದು ತವರು, ಯಾವ್ದು ಗಂಡನ ಮನೆ
ಒಂಚೂರೂ ತಿಳೀನಿಲ್ಲ.'
ಆಮೇಲೆ ಹೆಂಗೆ ಬಂದೆ ಅಂದೆ.
'ಗಾಳೀಲಿ ಮುದ್ದೆ ವಾಸ್ನೆ ಬಂತು.'

ಐದನೇ ದಿನ ನೀರು ಬಿಡಲು ಆರ್ಡರು.
ಎಂಟಕ್ಕೆ ಸರಿಯಾಗಿ ಸೈರನ್ ಆಯಿತು,
ಆಗತಾನೆ ಅವಳ ಲಾಟೀನು ಸುರಂಗದೊಳಗೆ
ಕೆಂಪು ಚುಕ್ಕಿಯಾಗಿತ್ತು.
ಅಪ್ಪ ತೂಬಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತ.
ಒಂದು ಬೀಡಿ ಹಚ್ಚಿದ. ಎರಡು.
ಫೋನು ಬಂತು, ತೆಗೆಯಲಿಲ್ಲ.
ನಾಲ್ಕು. ನೀರಿನ ಕಾಲಿಗಿಂತ ಮಗಳ ಕಾಲು ನಿಧಾನ
ಎಂದು ಐದನೆಯದನ್ನೂ ಹಚ್ಚಿದ.

ಇಲಾಖೆಯ ಪುಸ್ತಕದಲ್ಲಿ ಇವತ್ತಿಗೂ ಇದೆ,
ನಾನು ನೋಡಿದ್ದೇನೆ, ಅಪ್ಪನದೇ ಸೊಟ್ಟ ಅಕ್ಷರ:
ಒಂದು ಗಂಟೆ ತಡ.
ಕಾರಣ, ಬೀಗ ತುಕ್ಕು.